12 ವೋಲ್ಟ್ ಸೆನ್ಸರ್, 3.3 ವೋಲ್ಟ್ ಬೋರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬೋರ್‌ವೆಲ್ ಪಂಪ್, ಸಂಪ್, ಓವರ್‌ಹೆಡ್ ಟ್ಯಾಂಕ್, ಸೋಲಾರ್ ಬ್ಯಾಟರಿ. ಇವನ್ನೆಲ್ಲ ಒಂದು ಮೈಕ್ರೋಕಂಟ್ರೋಲರ್‌ಗೆ (ಒಂದೇ ಚಿಪ್ಪಿನ ಪುಟ್ಟ ಕಂಪ್ಯೂಟರಿಗೆ) ಜೋಡಿಸಲು ಹೊರಟವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಕೇಳಿದವರಲ್ಲಿ ಕೊನೇ ವರ್ಷದ ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳಿದ್ದಾರೆ, ತೋಟದ ಪಂಪು ಓಡ್ತಾ ಇದೆಯಾ ಅಂತ ಮನೆಯಿಂದಲೇ ನೋಡಬೇಕು ಅನ್ನುವ ರೈತರಿದ್ದಾರೆ, ಪ್ಯಾನಲ್ ವೈರಿಂಗ್ ಮಾಡುವವರೂ ಇದ್ದಾರೆ. ಜಾಸ್ತಿ ಜನ ಬಳಸುವುದು ಇಎಸ್‌ಪಿ32 ಮತ್ತು ಆರ್ಡುಯಿನೋ ಊನೋ (ಆರ್3). ಹಾಗಾಗಿ ಲೆಕ್ಕಗಳೆಲ್ಲ ಈ ಎರಡು ಬೋರ್ಡಿಗೆ ಹೊಂದುತ್ತವೆ.

## ಮೊದಲು ತಿಳಿಯಬೇಕಾದ್ದು

ಸೆನ್ಸರ್ 12 ವೋಲ್ಟಿನದು. ಅದರ ವೈರನ್ನು ನೇರ ಬೋರ್ಡಿನ ಪಿನ್ನಿಗೆ ಕೊಟ್ಟರೆ ಏನಾಗುತ್ತೆ?

ಪಿನ್ ಹೋಗುತ್ತದೆ, ಎಷ್ಟೋ ಸಲ ಇಡೀ ಚಿಪ್ ಹೋಗುತ್ತದೆ. ಇಎಸ್‌ಪಿ32 ನಡೆಯುವುದು 3.3 ವೋಲ್ಟಿನಲ್ಲಿ. ಅದರ ಪಿನ್ನು ತಡೆಯುವ ಗರಿಷ್ಠ ಮಿತಿ 3.6 ವೋಲ್ಟ್. ಊನೋದಲ್ಲಿರುವ ಎಟಿಮೆಗಾ328ಪಿ 5 ವೋಲ್ಟಿನಲ್ಲಿ ನಡೆಯುತ್ತದೆ, ಪಿನ್ನಿನ ಮಿತಿ 5.5 ವೋಲ್ಟ್.

ಬಹುತೇಕ ಚಿಪ್‌ಗಳ ಒಳಗೆ ಪ್ರತಿ ಪಿನ್ನಿನಿಂದ ಪವರ್ ಲೈನಿಗೆ ಒಂದು ಸಣ್ಣ ಡಯೋಡ್ ಇರುತ್ತದೆ. ಅದು ಕೈ ಮುಟ್ಟಿದಾಗ ಬರುವ ಸ್ಟ್ಯಾಟಿಕ್ ಕರೆಂಟನ್ನು ತಡೆಯಲು ಇಟ್ಟದ್ದು. 12 ವೋಲ್ಟ್ ಬಂದರೆ ಕರೆಂಟು ಆ ಡಯೋಡಿನ ಮೂಲಕ ಪವರ್ ಲೈನಿಗೇ ನುಗ್ಗುತ್ತದೆ. ಆಗ ಆ ಲೈನಿನಲ್ಲಿರುವ ಬೇರೆ ಭಾಗಗಳಿಗೂ ಏಟು ಬೀಳುತ್ತದೆ.

ಕೆಲವೊಮ್ಮೆ ತಕ್ಷಣ ಏನೂ ಆಗುವುದಿಲ್ಲ. ವಾರಗಟ್ಟಲೆ ಓಡಿ ಆಮೇಲೆ ಕೈ ಕೊಡುತ್ತದೆ. "ಈಗ ಓಡ್ತಾ ಇದೆಯಲ್ಲ" ಅಂತ ಹಾಗೇ ಬಿಡಬೇಡಿ.

ಸೆನ್ಸರಿಗೆ 12 ವೋಲ್ಟ್ ಬೇಕು ಅಂದ್ರೆ ಅದರ ಔಟ್‌ಪುಟ್ಟೂ 12 ವೋಲ್ಟೇ ಇರುತ್ತಾ?

ಇರಲೇಬೇಕು ಅಂತೇನಿಲ್ಲ. ಸೆನ್ಸರ್ ಯಾವ ವೋಲ್ಟೇಜಿನಲ್ಲಿ ನಡೆಯುತ್ತದೆ, ಯಾವ ವೋಲ್ಟೇಜನ್ನು ಹೊರಗೆ ಕೊಡುತ್ತದೆ ಅನ್ನೋದು ಎರಡು ಬೇರೆ ಪ್ರಶ್ನೆ. ಇವೆರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಅರ್ಧ ತೊಂದರೆ ಬರುವುದು.

ತಾಪಮಾನ ಅಳೆಯುವ ಎಲ್‌ಎಂ35 ನೋಡಿ. ಅದಕ್ಕೆ 4ರಿಂದ 30 ವೋಲ್ಟ್‌ವರೆಗೆ ಏನು ಬೇಕಾದರೂ ಕೊಡಬಹುದು. ಔಟ್‌ಪುಟ್ ಮಾತ್ರ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್. 30 ಡಿಗ್ರಿ ಇದ್ದಾಗ 12 ವೋಲ್ಟ್ ಕೊಟ್ಟಿದ್ದರೂ ಹೊರಗೆ ಬರುವುದು 0.3 ವೋಲ್ಟ್. ಮನುಷ್ಯರ ಓಡಾಟ ಗುರುತಿಸುವ ಎಚ್‌ಸಿ-ಎಸ್‌ಆರ್501 ಮಾಡ್ಯೂಲ್ 12 ವೋಲ್ಟಿನಲ್ಲಿ ನಡೆದರೂ 3.3 ವೋಲ್ಟೇ ಕೊಡುತ್ತದೆ. ಇವಕ್ಕೆ ಮಧ್ಯೆ ಏನೂ ಬೇಡ. ಆದರೆ ಲೋಹ ಹತ್ತಿರ ಬಂದದ್ದನ್ನು ಗುರುತಿಸಲು ಫ್ಯಾಕ್ಟರಿಯಲ್ಲಿ ಬಳಸುವ ಪಿಎನ್‌ಪಿ ಪ್ರಾಕ್ಸಿಮಿಟಿ ಸೆನ್ಸರಿಗೆ 24 ವೋಲ್ಟ್ ಕೊಟ್ಟರೆ ಔಟ್‌ಪುಟ್ಟೂ ಹೆಚ್ಚುಕಡಿಮೆ 24 ವೋಲ್ಟೇ.

ಊಹೆ ಮಾಡಬೇಡಿ, ಅಳೆಯಿರಿ. ಸೆನ್ಸರಿಗೆ ಮಾತ್ರ ಪವರ್ ಕೊಡಿ, ಬೋರ್ಡಿಗೆ ಇನ್ನೂ ಜೋಡಿಸಬೇಡಿ. ಮಲ್ಟಿಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕಪ್ಪು ತಂತಿ ಗ್ರೌಂಡಿಗೆ (ಮೈನಸ್ಸಿಗೆ), ಕೆಂಪು ತಂತಿ ಔಟ್‌ಪುಟ್ಟಿಗೆ ಹಿಡಿಯಿರಿ. ಸೆನ್ಸರ್ ಆನ್ ಆದಾಗ ಎಷ್ಟು, ಆಫ್ ಆದಾಗ ಎಷ್ಟು ಬರೆದುಕೊಳ್ಳಿ. ಅದರಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದರ ಮೇಲೆ ಮುಂದಿನ ಲೆಕ್ಕವೆಲ್ಲ.

ಸೆನ್ಸರಿಗೆ ಬೇರೆ ಅಡಾಪ್ಟರ್, ಬೋರ್ಡಿಗೆ ಬೇರೆ ಅಡಾಪ್ಟರ್. ಎರಡರ ಗ್ರೌಂಡ್ ಸೇರಿಸಬೇಕಾ?

ಸೇರಿಸಬೇಕು. ವೋಲ್ಟೇಜ್ ಅನ್ನೋದು ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಗ್ರೌಂಡ್ ಒಂದೇ ಆಗದಿದ್ದರೆ ಸೆನ್ಸರಿನ "12 ವೋಲ್ಟ್" ಬೋರ್ಡಿಗೆ ಅರ್ಥವೇ ಆಗುವುದಿಲ್ಲ. ರೀಡಿಂಗ್ ಸುಮ್ನೆ ಕುಣಿಯುತ್ತಾ ಇರುತ್ತದೆ.

ಆಪ್ಟೋಕಪ್ಲರ್ (ಸಿಗ್ನಲ್ಲನ್ನು ವೈರಿನ ಬದಲು ಬೆಳಕಿನಲ್ಲಿ ದಾಟಿಸುವ ಚಿಪ್) ಬಳಸಿದಾಗ ಮಾತ್ರ ಎರಡು ಗ್ರೌಂಡ್ ಬೇರೆಯಾಗಿಯೇ ಇರಲಿ. ಬೇರೆ ಇಡಲಿಕ್ಕೇ ಅದನ್ನು ಹಾಕುವುದು. ಇನ್ನು 230 ವೋಲ್ಟಿನ ನ್ಯೂಟ್ರಲ್ ಬೋರ್ಡಿನ ಗ್ರೌಂಡ್ ಅಲ್ಲ. ಅದನ್ನು ಯಾವತ್ತೂ ಸೇರಿಸಬೇಡಿ.

## ಬೋರ್ಡಿಗೆ ಪವರ್

12 ವೋಲ್ಟ್ ಅಡಾಪ್ಟರ್ ಇದೆ. ಊನೋಗೂ ಇಎಸ್‌ಪಿ32ಗೂ ನೇರ ಹಾಕಬಹುದಾ?

ಊನೋದ ದುಂಡು ಜಾಕಿಗೆ ಹಾಕಬಹುದು. ಅದಕ್ಕೆ ಸೂಚಿಸಿರುವುದು 7ರಿಂದ 12 ವೋಲ್ಟ್. ಬೋರ್ಡ್ ಒಂದೇ ಇದ್ದರೆ 50 ಮಿಲಿಆಂಪ್ ಆಸುಪಾಸು ಎಳೆಯುತ್ತದೆ, ತೊಂದರೆಯಿಲ್ಲ. ರಿಲೇ, ಡಿಸ್ಪ್ಲೇ ಎಲ್ಲ ಅದೇ 5 ವೋಲ್ಟ್ ಪಿನ್ನಿನಿಂದ ನಡೆಸಿದರೆ 200 ಮಿಲಿಆಂಪ್ ದಾಟುತ್ತದೆ. ಆಗ ಬೋರ್ಡಿನಲ್ಲಿ ವೋಲ್ಟೇಜ್ ಇಳಿಸುವ ರೆಗ್ಯುಲೇಟರ್ ಸುಡುತ್ತದೆ.

ಇಎಸ್‌ಪಿ32 ಬೋರ್ಡಿಗೆ 12 ಬೇಡ. ವಿನ್ ಅಂತ ಬರೆದಿರುವ ಪಿನ್ನಿಗೆ 5 ವೋಲ್ಟ್ ಕೊಡಿ. ಕಾರಣ ಲೆಕ್ಕದಲ್ಲೇ ಇದೆ. ಆ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಎಎಂಎಸ್1117 ರೆಗ್ಯುಲೇಟರ್. ಇದು ಜಾಸ್ತಿ ಇರುವ ವೋಲ್ಟೇಜನ್ನು ಬಿಸಿಯಾಗಿ ಕಳೆಯುತ್ತದೆ. 12ರಿಂದ 3.3ಕ್ಕೆ ಇಳಿಸುವಾಗ 8.7 ವೋಲ್ಟ್ ಉಳಿಯುತ್ತದೆ. ವೈಫೈ ಆನ್ ಇದ್ದು ಸರಾಸರಿ 120 ಮಿಲಿಆಂಪ್ ಅಂದರೂ 1 ವ್ಯಾಟಿಗಿಂತ ಸ್ವಲ್ಪ ಜಾಸ್ತಿ ಬಿಸಿ. ಆ ಸಣ್ಣ ಚಿಪ್ ಒಂದು ವ್ಯಾಟಿಗೆ ಸುಮಾರು 90 ಡಿಗ್ರಿ ಏರುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಡಬ್ಬಿಯೊಳಗೇ 40 ಡಿಗ್ರಿ ಇರುತ್ತದೆ ಅಲ್ವಾ? ಎರಡೂ ಸೇರಿದರೆ ಅದರ 125 ಡಿಗ್ರಿ ಮಿತಿ ದಾಟಿಹೋಯಿತು. ಜೊತೆಗೆ ಅದು ತಡೆಯುವ ಇನ್‌ಪುಟ್ ಬರೀ 15 ವೋಲ್ಟ್. ಚಾರ್ಜ್ ಆಗುತ್ತಿರುವ "12 ವೋಲ್ಟ್" ಬ್ಯಾಟರಿಯಲ್ಲಿ 14.4 ಇರುತ್ತದೆ.

ಹಾಗಾದರೆ 12 ಅಥವಾ 24 ವೋಲ್ಟಿನಿಂದ 5 ವೋಲ್ಟ್ ಮಾಡುವುದು ಹೇಗೆ?

ಬಕ್ ಕನ್ವರ್ಟರ್ ಮಾಡ್ಯೂಲ್ ಬಳಸಿ. ಎಲ್‌ಎಂ2596 ಚಿಪ್ ಇರುವ ನೀಲಿ ಬೋರ್ಡ್ ಬೆಂಗಳೂರಿನ ಎಸ್‌ಪಿ ರೋಡಿನಲ್ಲೂ ಸಿಗುತ್ತದೆ, ಆನ್‌ಲೈನಿನಲ್ಲೂ ಸಿಗುತ್ತದೆ. ಆ ಚಿಪ್ 40 ವೋಲ್ಟ್‌ವರೆಗಿನ ಇನ್‌ಪುಟ್ ತೆಗೆದುಕೊಳ್ಳುತ್ತದೆ. ವೋಲ್ಟೇಜನ್ನು ಬಿಸಿ ಮಾಡಿ ಕಳೆಯುವುದಿಲ್ಲ, ಕರೆಂಟನ್ನು ಆನ್-ಆಫ್ ಮಾಡಿ ಇಳಿಸುತ್ತದೆ. 5 ವೋಲ್ಟಿನಲ್ಲಿ 200 ಮಿಲಿಆಂಪ್ ಬೇಕಿದ್ದರೆ 12 ವೋಲ್ಟಿನ ಕಡೆಯಿಂದ ಸುಮಾರು 100 ಮಿಲಿಆಂಪ್ ಸಾಕು. ಸೋಲಾರ್ ಬ್ಯಾಟರಿ ಇರುವ ಕಡೆ ಈ ಉಳಿತಾಯ ದೊಡ್ಡದು.

ಒಂದು ಎಚ್ಚರಿಕೆ. ಹೊಸ ಮಾಡ್ಯೂಲ್ ಎಷ್ಟು ವೋಲ್ಟ್ ಕೊಡುತ್ತದೆ ಅಂತ ಹೇಳಲಾಗದು. ಇನ್‌ಪುಟ್ಟಿನಷ್ಟೇ ಹೊರಗೂ ಬರಬಹುದು. ಮೊದಲು ಬೋರ್ಡ್ ಜೋಡಿಸದೆ 12 ವೋಲ್ಟ್ ಕೊಡಿ, ಮೀಟರ್ ಹಿಡಿದು ಸಣ್ಣ ಹಿತ್ತಾಳೆ ಸ್ಕ್ರೂ ತಿರುಗಿಸಿ 5.0 ವೋಲ್ಟಿಗೆ ತನ್ನಿ. ಅದು ಹಲವು ಸುತ್ತು ತಿರುಗುವ ಸ್ಕ್ರೂ, ಮೊದಲ ಕೆಲವು ಸುತ್ತಿನಲ್ಲಿ ಏನೂ ಬದಲಾಗದಿದ್ದರೆ ಗಾಬರಿ ಬೇಡ. ಆಮೇಲೆ ಸ್ಕ್ರೂ ಮೇಲೆ ಒಂದು ಹನಿ ನೇಲ್ ಪಾಲಿಶ್ ಹಚ್ಚಿ. ಪಂಪಿನ ಅದುರಿಗೆ ಸರಿಯುವುದಿಲ್ಲ.

ಇನ್‌ಪುಟ್ ಕಡೆ ಒಂದು ಫ್ಯೂಸ್, ಅದರ ನಂತರ 1ಎನ್5819 ಡಯೋಡ್ ಹಾಕಿ. ಪ್ಲಸ್ ಮೈನಸ್ ಅದಲುಬದಲಾದರೂ ಬೋರ್ಡ್ ಉಳಿಯುತ್ತದೆ.

ವೈಫೈ ಆನ್ ಆದ ಕೂಡಲೇ ಇಎಸ್‌ಪಿ32 ರೀಸೆಟ್ ಆಗುತ್ತೆ. ಕೋಡ್ ತಪ್ಪಾ?

ಬಹುಪಾಲು ಕೋಡ್ ತಪ್ಪಲ್ಲ, ಪವರ್ ಸಾಲದು. ಸೀರಿಯಲ್ ಮಾನಿಟರಿನಲ್ಲಿ "ಬ್ರೌನ್‌ಔಟ್ ಡಿಟೆಕ್ಟರ್" (ವೋಲ್ಟೇಜ್ ಕುಸಿದರೆ ರೀಸೆಟ್ ಮಾಡುವ ಭಾಗ) ಅನ್ನುವ ಸಾಲು ಬರುತ್ತಿದ್ದರೆ ಅನುಮಾನವೇ ಬೇಡ. ವೈಫೈ ಸಿಗ್ನಲ್ ಕಳಿಸುವ ಕ್ಷಣದಲ್ಲಿ ಚಿಪ್ 240 ಮಿಲಿಆಂಪ್‌ವರೆಗೆ ಎಳೆಯುತ್ತದೆ. ತಯಾರಕರೇ ಕನಿಷ್ಠ 500 ಮಿಲಿಆಂಪ್ ಕೊಡುವ ಸಪ್ಲೈ ಇಡಿ ಅನ್ನುತ್ತಾರೆ.

ತೆಳ್ಳನೆಯ ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಬೆಸುಗೆಯಿಲ್ಲದೆ ವೈರ್ ಚುಚ್ಚುವ ಬ್ರೆಡ್‌ಬೋರ್ಡಿನ ಸಡಿಲ ತೂತುಗಳೂ ಕಾರಣವಾಗುತ್ತವೆ. 5 ವೋಲ್ಟಿಗೂ ಗ್ರೌಂಡಿಗೂ ನಡುವೆ, ಬೋರ್ಡಿಗೆ ಆದಷ್ಟು ಹತ್ತಿರ, 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಬ್ರೌನ್‌ಔಟ್ ಡಿಟೆಕ್ಟರನ್ನೇ ಕೋಡಿನಲ್ಲಿ ಆಫ್ ಮಾಡಿ ಅಂತ ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಮಾಡಬೇಡಿ. ವೋಲ್ಟೇಜ್ ಕುಸಿದಾಗ ಫ್ಲ್ಯಾಶ್ ಮೆಮೊರಿಗೆ ಬರೆಯುತ್ತಿದ್ದರೆ ಡೇಟಾ ಕೆಡುತ್ತದೆ, ಅದನ್ನು ತಡೆಯಲಿಕ್ಕೇ ಡಿಟೆಕ್ಟರ್ ಇರುವುದು.

ಹೊರಗಿನ 5 ವೋಲ್ಟ್ ಕೊಟ್ಟಿರುವಾಗಲೇ ಕೋಡ್ ಹಾಕಲು ಯುಎಸ್‌ಬಿ ಚುಚ್ಚಬಹುದಾ?

ಊನೋದಲ್ಲಿ ಜಾಕಿನಿಂದ ಪವರ್ ಬರುತ್ತಿದ್ದರೆ ಚುಚ್ಚಬಹುದು. ಯಾವ ಕಡೆಯಿಂದ ಪವರ್ ತೆಗೆದುಕೊಳ್ಳಬೇಕು ಅಂತ ಬೋರ್ಡೇ ನೋಡಿಕೊಳ್ಳುತ್ತದೆ. ಇಎಸ್‌ಪಿ32 ಬೋರ್ಡುಗಳು ಒಂದೊಂದು ಒಂದೊಂದು ಥರ. ಕೆಲವದರಲ್ಲಿ ಯುಎಸ್‌ಬಿ ದಾರಿಯಲ್ಲಿ ಡಯೋಡ್ ಇದೆ, ಕೆಲವದರಲ್ಲಿ ಇಲ್ಲ. ಇಲ್ಲದಿದ್ದರೆ ನಿಮ್ಮ ಬಕ್ ಕನ್ವರ್ಟರಿನ ಕರೆಂಟು ಲ್ಯಾಪ್‌ಟಾಪಿಗೆ ಹೋಗುತ್ತದೆ. ಹೊರಗಿನ ಪವರ್ ಬಿಚ್ಚಿ ಕೋಡ್ ಹಾಕಿ, ಅಷ್ಟೇ.

## ಆನ್-ಆಫ್ ಸಿಗ್ನಲ್

ಶಬ್ದದ ಅಲೆಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅನ್ನು ಇಎಸ್‌ಪಿ32ಗೆ ನೇರ ಜೋಡಿಸಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಯಾಕೆ ರೆಸಿಸ್ಟರ್ ಹಾಕಬೇಕು?

ಅದರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ನಿಮ್ಮ ಪಿನ್ನಿನ ಮಿತಿ 3.6. ಎರಡು ರೆಸಿಸ್ಟರ್ ಹಾಕಿದರೆ ಚಿಂತೆಯಿಲ್ಲ. ಎಕೋದಿಂದ ಪಿನ್ನಿಗೆ 2.2 ಕಿಲೋ ಓಮ್, ಪಿನ್ನಿನಿಂದ ಗ್ರೌಂಡಿಗೆ 3.3 ಕಿಲೋ ಓಮ್. 5 ವೋಲ್ಟ್ ಬಂದಾಗ ಪಿನ್ನಿಗೆ ಸಿಗುವುದು ಸರಿಯಾಗಿ 3 ವೋಲ್ಟ್. ಇಎಸ್‌ಪಿ32 ಸುಮಾರು 2.5 ದಾಟಿದರೆ ಆನ್ ಅಂತ ಓದುತ್ತದೆ, ಆದ್ದರಿಂದ ಎರಡೂ ಕಡೆ ಜಾಗ ಉಳಿಯಿತು. ಟ್ರಿಗರ್ ಪಿನ್ನಿಗೆ ಏನೂ ಬೇಡ, 3.3 ವೋಲ್ಟ್ ಅದಕ್ಕೆ ಸಾಕು.

ನೀರಿನ ಟ್ಯಾಂಕಿಗೆ ಹಾಕುವುದಾದರೆ ಈ ಸೆನ್ಸರ್ ಬೇಡ. ಆವಿಯಲ್ಲಿ ಬೇಗ ಹಾಳಾಗುತ್ತದೆ. ಜೆಎಸ್‌ಎನ್-ಎಸ್‌ಆರ್04ಟಿ ತೊಗೊಳ್ಳಿ, ಅದರ ತಲೆ ವಾಟರ್‌ಪ್ರೂಫ್. ಆದರೆ ಸುಮಾರು 20-25 ಸೆಂಟಿಮೀಟರಿಗಿಂತ ಹತ್ತಿರದ ನೀರು ಅದಕ್ಕೆ ಕಾಣುವುದಿಲ್ಲ. ಟ್ಯಾಂಕಿನ ತುಂಬು ಮಟ್ಟಕ್ಕಿಂತ ಅಷ್ಟು ಎತ್ತರದಲ್ಲಿ ಕೂರಿಸಿ.

ಪ್ರಾಕ್ಸಿಮಿಟಿ ಸೆನ್ಸರ್ ಕೊಳ್ಳಬೇಕು. ಅಂಗಡಿಯವರು ಎನ್‌ಪಿಎನ್ ಬೇಕಾ ಪಿಎನ್‌ಪಿ ಬೇಕಾ ಅಂತಾರೆ. ಏನು ಹೇಳಲಿ?

ಮೈಕ್ರೋಕಂಟ್ರೋಲರಿಗೆ ಎನ್‌ಪಿಎನ್ ಅನ್ನಿ. ವೈರುಗಳ ಬಣ್ಣ ಎರಡರಲ್ಲೂ ಒಂದೇ: ಕಂದು ಪ್ಲಸ್, ನೀಲಿ ಮೈನಸ್, ಕಪ್ಪು ಔಟ್‌ಪುಟ್. ಲೋಹ ಹತ್ತಿರ ಬಂದಾಗ ಎನ್‌ಪಿಎನ್ ತನ್ನ ಕಪ್ಪು ವೈರನ್ನು ಗ್ರೌಂಡಿಗೆ ಎಳೆಯುತ್ತದೆ. ಪಿಎನ್‌ಪಿ ಕಪ್ಪು ವೈರನ್ನು 24 ವೋಲ್ಟಿಗೆ ಎಳೆಯುತ್ತದೆ. ಗ್ರೌಂಡಿಗೆ ಎಳೆಯುವುದರಿಂದ ಬೋರ್ಡಿಗೆ ಅಪಾಯವಿಲ್ಲ. ಪಿನ್ನಿನಿಂದ 3.3 ವೋಲ್ಟಿಗೆ 10 ಕಿಲೋ ಓಮ್ ಹಾಕಿ ಕಪ್ಪು ವೈರ್ ಜೋಡಿಸಿದರೆ ಕೆಲಸ ಮುಗಿಯಿತು. ಲೋಹ ಬಂದಾಗ ಪಿನ್ ಸೊನ್ನೆ ಓದುತ್ತದೆ, ಕೋಡಿನಲ್ಲಿ ಅದನ್ನು ತಿರುಗಿಸಿಕೊಳ್ಳಿ. ಇಎಸ್‌ಪಿ32ರ 34ರಿಂದ 39ರವರೆಗಿನ ಪಿನ್ನುಗಳಲ್ಲಿ ಒಳಗಿನ ಪುಲ್‌ಅಪ್ (ಪಿನ್ನನ್ನು 3.3 ವೋಲ್ಟಿಗೆ ಎಳೆಯುವ ರೆಸಿಸ್ಟರ್) ಇಲ್ಲ ಅನ್ನೋದು ನೆನಪಿರಲಿ. ಅಲ್ಲಿ ಹೊರಗೆ ರೆಸಿಸ್ಟರ್ ಹಾಕಲೇಬೇಕು.

ಒಂದು ಪರೀಕ್ಷೆ ಬಿಡಬೇಡಿ. ಅಗ್ಗದ ಎನ್‌ಪಿಎನ್ ಸೆನ್ಸರುಗಳಲ್ಲಿ ಎಷ್ಟೋ ಸಲ ಕಪ್ಪು ವೈರಿನಿಂದ ಕಂದು ವೈರಿಗೆ ಒಳಗೇ ಒಂದು ರೆಸಿಸ್ಟರ್ ಇರುತ್ತದೆ. ಸೆನ್ಸರಿಗೆ ಪವರ್ ಕೊಟ್ಟು, ಲೋಹ ದೂರ ಇಟ್ಟು, ಕಪ್ಪು ಮತ್ತು ನೀಲಿ ನಡುವೆ ಅಳೆಯಿರಿ. ಸೊನ್ನೆ ಹತ್ತಿರ ಅಥವಾ ತೇಲಾಡುವ ಅಂಕೆ ಬಂದರೆ ಒಳಗೆ ರೆಸಿಸ್ಟರ್ ಇಲ್ಲ. 12 ಅಥವಾ 24 ಬಂದರೆ ಇದೆ, ನೇರ ಜೋಡಿಸುವ ಹಾಗಿಲ್ಲ. ಆಗ ಆಪ್ಟೋಕಪ್ಲರಿನ ದಾರಿ ಹಿಡಿಯಿರಿ.

ಆಪ್ಟೋಕಪ್ಲರ್ ಪಿಸಿ817 ತಂದೆ. 24 ವೋಲ್ಟಿಗೆ ಯಾವ ರೆಸಿಸ್ಟರ್?

24 ವೋಲ್ಟಿಗೆ 4.7 ಕಿಲೋ ಓಮ್, 12 ವೋಲ್ಟಿಗೆ 2.2 ಕಿಲೋ ಓಮ್. ಒಳಗಿನ ಎಲ್ಇಡಿ ಸುಮಾರು 1.2 ವೋಲ್ಟ್ ತೆಗೆದುಕೊಳ್ಳುತ್ತದೆ. ಉಳಿದ 22.8 ವೋಲ್ಟನ್ನು 4.7 ಕಿಲೋ ಓಮಿನಿಂದ ಭಾಗಿಸಿದರೆ 4.85 ಮಿಲಿಆಂಪ್. ರೆಸಿಸ್ಟರಿನಲ್ಲಿ 0.11 ವ್ಯಾಟ್ ಬಿಸಿ, ಕಾಲು ವ್ಯಾಟಿನದು ಸಾಕು.

ಪಿಎನ್‌ಪಿ ಸೆನ್ಸರ್ ಆದರೆ ಕಪ್ಪು ವೈರಿನಿಂದ ರೆಸಿಸ್ಟರ್, ಎಲ್ಇಡಿ, ಆಮೇಲೆ ಮೈನಸ್. ಎನ್‌ಪಿಎನ್ ಆದರೆ ಪ್ಲಸ್ಸಿನಿಂದ ರೆಸಿಸ್ಟರ್, ಎಲ್ಇಡಿ, ಆಮೇಲೆ ಕಪ್ಪು ವೈರ್. ಇನ್ನೊಂದು ಕಡೆ ಕಲೆಕ್ಟರ್ ಕಾಲು ಬೋರ್ಡಿನ ಪಿನ್ನಿಗೆ, ಅಲ್ಲಿಂದ 3.3 ವೋಲ್ಟಿಗೆ 10 ಕಿಲೋ ಓಮ್, ಎಮಿಟರ್ ಕಾಲು ಬೋರ್ಡಿನ ಗ್ರೌಂಡಿಗೆ. ಎಲ್ಇಡಿಗೆ ಉಲ್ಟಾ ದಿಕ್ಕಿನಲ್ಲಿ ಒಂದು 1ಎನ್4148 ಡಯೋಡ್ ಸೇರಿಸಿ. ಯಾರೋ ಮುಂದೆ ವೈರ್ ಅದಲುಬದಲು ಮಾಡಿದರೂ ಎಲ್ಇಡಿ ಉಳಿಯುತ್ತದೆ, ಅದು ಉಲ್ಟಾ ತಡೆಯುವುದು ಬರೀ 6 ವೋಲ್ಟ್.

ಎರಡೇ ವೈರಿನ ಸೆನ್ಸರ್ ಆಫ್ ಇದ್ದಾಗಲೂ ಸ್ವಲ್ಪ ಕರೆಂಟು ಸೋರುತ್ತದೆ. "ಯಾವಾಗಲೂ ಆನ್ ತೋರಿಸ್ತಿದೆ" ಅನ್ನುವ ದೂರಿಗೆ ಇದೇ ಕಾರಣ. ಎಲ್ಇಡಿಗೆ ಸಮಾನಾಂತರವಾಗಿ 1 ಕಿಲೋ ಓಮ್ ಹಾಕಿದರೆ ಸೋರುವ ಒಂದು ಮಿಲಿಆಂಪ್ ಆ ದಾರಿಯಲ್ಲಿ ಹೋಗುತ್ತದೆ, ಎಲ್ಇಡಿ ಹೊತ್ತುವುದಿಲ್ಲ.

ನಾಲ್ಕು ಚಾನಲ್ಲಿನ ಕೆಂಪು ಲೆವೆಲ್ ಶಿಫ್ಟರ್ ಇದೆ. ಅದನ್ನೇ 24 ವೋಲ್ಟಿಗೆ ಬಳಸಲಾ?

ಬೇಡ. ಅದು 5 ಮತ್ತು 3.3 ವೋಲ್ಟಿನ ನಡುವೆ ಓಡಾಡುವ ಡೇಟಾ ವೈರುಗಳಿಗೆ ಮಾಡಿದ್ದು. ಐ2ಸಿ (ಎರಡು ವೈರಿನಲ್ಲಿ ಡೇಟಾ ಕಳಿಸುವ ಪದ್ಧತಿ) ಡಿಸ್ಪ್ಲೇಗೆ ಬಹಳ ಒಳ್ಳೆಯದು. ಹೊಲದಿಂದ ಬರುವ ವೈರಿಗೆ ಆಪ್ಟೋಕಪ್ಲರೇ ಸರಿ.

## ಏರಿಳಿಯುವ ವೋಲ್ಟೇಜ್ ಓದುವುದು

12 ವೋಲ್ಟ್ ಬ್ಯಾಟರಿ ಎಷ್ಟು ಉಳಿದಿದೆ ಅಂತ ನೋಡಬೇಕು. ಯಾವ ಎರಡು ರೆಸಿಸ್ಟರ್?

ಇಎಸ್‌ಪಿ32ಗೆ ಮೇಲೆ (ಬ್ಯಾಟರಿ ಪ್ಲಸ್ಸಿನಿಂದ ಪಿನ್ನಿಗೆ) 56 ಕಿಲೋ ಓಮ್, ಕೆಳಗೆ (ಪಿನ್ನಿನಿಂದ ಗ್ರೌಂಡಿಗೆ) 10 ಕಿಲೋ ಓಮ್. ಊನೋಗೆ ಮೇಲೆ 22, ಕೆಳಗೆ 10.

ಲೆಕ್ಕ ಹೀಗೆ. ಕೆಳಗಿನ ರೆಸಿಸ್ಟರನ್ನು ಎರಡರ ಮೊತ್ತದಿಂದ ಭಾಗಿಸಿ. 10ನ್ನು 66ರಿಂದ ಭಾಗಿಸಿದರೆ 0.1515. ಬ್ಯಾಟರಿ 14.4 ವೋಲ್ಟ್ ಇದ್ದಾಗ ಪಿನ್ನಿಗೆ 2.18 ವೋಲ್ಟ್ ಬರುತ್ತದೆ. 16 ವೋಲ್ಟ್ ಬಂದರೆ 2.42. ಇಎಸ್‌ಪಿ32ರ ಎಡಿಸಿ (ವೋಲ್ಟೇಜನ್ನು ಅಂಕೆ ಮಾಡುವ ಭಾಗ) ಅತಿ ಹೆಚ್ಚಿನ ಅಟೆನ್ಯುಯೇಷನ್ನಿನಲ್ಲಿ (ಒಳಬರುವ ವೋಲ್ಟೇಜನ್ನು ತಗ್ಗಿಸುವ ಸೆಟ್ಟಿಂಗಿನಲ್ಲಿ) ನಂಬಿಕೆಯಿಂದ ಓದುವುದು 0.15ರಿಂದ 2.45 ವೋಲ್ಟ್‌ವರೆಗೆ. ಪೂರ್ತಿ 3.3ಕ್ಕೆ ಲೆಕ್ಕ ಹಾಕಿದರೆ ಮೇಲಿನ ತುದಿಯಲ್ಲಿ ಅಂಕೆ ವಾಲುತ್ತದೆ. ಅದಕ್ಕೇ ನಾನು 2.4ಕ್ಕೆ ನಿಲ್ಲಿಸುವುದು.

ಬ್ಯಾಟರಿಯ ಮೇಲೆ ಬರೆದ 12ಕ್ಕೆ ಲೆಕ್ಕ ಹಾಕಬೇಡಿ, ಅದು ಯಾವತ್ತಾದರೂ ಮುಟ್ಟಬಹುದಾದ ಗರಿಷ್ಠಕ್ಕೆ ಹಾಕಿ. ರೆಸಿಸ್ಟರುಗಳು 0.2 ಮಿಲಿಆಂಪ್ ಎಳೆಯುತ್ತವೆ, ದಿನಕ್ಕೆ 5 ಮಿಲಿಆಂಪ್-ಅವರ್ ಆಯಿತು. 7 ಆಂಪ್-ಅವರ್ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಹಾಗಂತ ಇನ್ನೂ ಉಳಿಸಲು ಮೆಗಾ ಓಮ್ ರೆಸಿಸ್ಟರ್ ಹಾಕಬೇಡಿ, ಎಡಿಸಿಗೆ ಸಾಕಷ್ಟು ಕರೆಂಟು ಸಿಗದೆ ತಪ್ಪು ಓದುತ್ತದೆ. ಊನೋದ ಚಿಪ್ಪಿಗೆ 10 ಕಿಲೋ ಓಮ್ ಅಥವಾ ಅದಕ್ಕಿಂತ ಕಡಿಮೆ ಇರುವ ಮೂಲ ಬೇಕು ಅಂತ ಡೇಟಾಶೀಟೇ ಹೇಳುತ್ತದೆ. ಮೇಲಿನ ಎರಡೂ ಜೋಡಿ ಆ ಮಿತಿಯೊಳಗಿವೆ.

ಮಲ್ಟಿಮೀಟರ್ 12.6 ತೋರಿಸುತ್ತೆ, ಇಎಸ್‌ಪಿ32 ಒಮ್ಮೆ 12.1, ಒಮ್ಮೆ 13. ಏನು ಮಾಡಲಿ?

ಮೊದಲು ಪಿನ್ ನೋಡಿ. ಇಎಸ್‌ಪಿ32ರಲ್ಲಿ ಎರಡು ಎಡಿಸಿ ಇವೆ, ವೈಫೈ ಬಳಸುವಾಗ ಎಡಿಸಿ2ರ ಪಿನ್ನುಗಳು ಕೆಲಸ ಮಾಡುವುದಿಲ್ಲ. 32ರಿಂದ 39ರವರೆಗಿನವು ಎಡಿಸಿ1, ಅವನ್ನೇ ಬಳಸಿ. ಪಿನ್ನಿಗೂ ಗ್ರೌಂಡಿಗೂ ನಡುವೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿ. ಅರ್ಧ ಕುಣಿತ ಇದರಲ್ಲೇ ನಿಲ್ಲುತ್ತದೆ. ಆಮೇಲೆ ಕೋಡಿನಲ್ಲಿ ಕೆಲವು ಹತ್ತು ರೀಡಿಂಗಿನ ಸರಾಸರಿ ತೆಗೆಯಿರಿ.

ಕುಣಿತ ನಿಂತರೂ ಅಂಕೆ ಸ್ಥಿರವಾಗಿ ತಪ್ಪಿದ್ದರೆ ಅದು ಚಿಪ್ಪಿನ ಗುಣ. ಒಳಗಿನ ರೆಫರೆನ್ಸ್ 1.1 ವೋಲ್ಟ್ ಅಂತ ಹೆಸರಿಗೆ, ಚಿಪ್ಪಿನಿಂದ ಚಿಪ್ಪಿಗೆ 1.0ರಿಂದ 1.2ರವರೆಗೆ ಬದಲಾಗುತ್ತದೆ. ಫ್ಯಾಕ್ಟರಿಯಲ್ಲಿ ಬರೆದ ತಿದ್ದುಪಡಿಯನ್ನು ಬಳಸಿ ಮಿಲಿವೋಲ್ಟಿನಲ್ಲೇ ಕೊಡುವ ಫಂಕ್ಷನ್ ಇದೆ, ಬರಿಯ 0-4095 ಅಂಕೆಯ ಬದಲು ಅದನ್ನು ಬಳಸಿ. ಕೊನೆಗೆ ಎರಡು ಬೇರೆ ವೋಲ್ಟೇಜಿನಲ್ಲಿ ಮೀಟರಿನ ಜೊತೆ ಹೋಲಿಸಿ ಒಂದು ಗುಣಕ ಹಾಕಿಕೊಳ್ಳಿ. ರೆಸಿಸ್ಟರುಗಳ 5 ಶೇಕಡಾ ಹೆಚ್ಚುಕಡಿಮೆಯೂ ಇದರಲ್ಲೇ ಸರಿಹೋಗುತ್ತದೆ.

ರಕ್ಷಣೆಗೆ 3.3 ವೋಲ್ಟ್ ಝೀನರ್ ಹಾಕಿದರೆ ಸಾಕಲ್ವಾ?

ಝೀನರ್ ಅಂದರೆ ಒಂದು ವೋಲ್ಟೇಜ್ ದಾಟಿದಾಗ ಕರೆಂಟನ್ನು ಗ್ರೌಂಡಿಗೆ ಬಿಡುವ ಡಯೋಡ್. ಅಳತೆ ಮಾಡುವ ಪಿನ್ನಿಗೆ ಅದು ಒಳ್ಳೆಯದಲ್ಲ. 3.3 ವೋಲ್ಟಿನ ಝೀನರ್ 3.3ಕ್ಕೆ ತಟ್ಟನೆ ತೆರೆಯುವುದಿಲ್ಲ. ಆ ಅಂಕೆ 5 ಮಿಲಿಆಂಪ್ ಹರಿಯುವಾಗಿನದು. ನಮ್ಮ ರೆಸಿಸ್ಟರುಗಳಲ್ಲಿ ಹರಿಯುವುದು 0.2 ಮಿಲಿಆಂಪ್. ಅಷ್ಟರಲ್ಲಿ ಅದು 3.3ಕ್ಕಿಂತ ತುಂಬಾ ಮೊದಲೇ ಸೋರಲು ಶುರುಮಾಡಿ ರೀಡಿಂಗನ್ನು ಕೆಳಗೆಳೆಯುತ್ತದೆ.

ಪಿನ್ನಿನಿಂದ 3.3 ವೋಲ್ಟಿಗೆ ಒಂದು ಬಿಎಟಿ85 ಶಾಟ್ಕಿ ಡಯೋಡ್ ಹಾಕಿ. ನಿಜವಾದ ರಕ್ಷಣೆ ಮೇಲಿನ ದೊಡ್ಡ ರೆಸಿಸ್ಟರಿನದು. 56 ಕಿಲೋ ಓಮ್ ಇದ್ದರೆ 50 ವೋಲ್ಟ್ ಬಂದರೂ ಒಂದು ಮಿಲಿಆಂಪಿಗಿಂತ ಜಾಸ್ತಿ ನುಗ್ಗದು, ಅಷ್ಟನ್ನು ಡಯೋಡ್ ಸುಲಭವಾಗಿ ಸಾಗಿಸುತ್ತದೆ.

ಬಾವಿಗೆ ಇಳಿಬಿಡುವ ಲೆವೆಲ್ ಸೆನ್ಸರ್ 4-20 ಮಿಲಿಆಂಪ್ ಅಂತ ಬರೆದಿದೆ. ವೋಲ್ಟೇ ಇಲ್ಲ, ಓದುವುದು ಹೇಗೆ?

ಇದು ನನಗೆ ತುಂಬ ಇಷ್ಟವಾದ ಪದ್ಧತಿ. ಸೆನ್ಸರ್ ಅಳತೆಯನ್ನು ಕರೆಂಟಿನಲ್ಲಿ ಹೇಳುತ್ತದೆ. ವೈರ್ 10 ಮೀಟರ್ ಇರಲಿ 300 ಮೀಟರ್ ಇರಲಿ, ಒಂದು ತುದಿಯಲ್ಲಿ ಹೋದ ಕರೆಂಟೇ ಇನ್ನೊಂದು ತುದಿಯಲ್ಲಿ ಬರುತ್ತದೆ. ವೈರಿನ ರೆಸಿಸ್ಟೆನ್ಸಿನಿಂದ ಅಳತೆ ಕೆಡುವುದಿಲ್ಲ.

24 ವೋಲ್ಟ್ ಪ್ಲಸ್ಸನ್ನು ಸೆನ್ಸರಿನ ಪ್ಲಸ್ಸಿಗೆ ಕೊಡಿ. ಸೆನ್ಸರಿನ ಇನ್ನೊಂದು ವೈರಿನಿಂದ ಗ್ರೌಂಡಿಗೆ 120 ಓಮ್ ರೆಸಿಸ್ಟರ್, 1 ಶೇಕಡಾದ ಮೆಟಲ್ ಫಿಲ್ಮ್. ಆ ರೆಸಿಸ್ಟರಿನ ಮೇಲೆ 4 ಮಿಲಿಆಂಪಿಗೆ 0.48 ವೋಲ್ಟ್, 20ಕ್ಕೆ 2.4 ವೋಲ್ಟ್ ಸಿಗುತ್ತದೆ, ಅದನ್ನೇ ಪಿನ್ ಓದುವುದು. ಇಎಸ್‌ಪಿ32ಗೆ ಹೇಳಿ ಮಾಡಿಸಿದ ಹಾಗಿದೆ. ಊನೋಗೆ 220 ಓಮ್ ಹಾಕಿ. ಸೆನ್ಸರ್ 5 ಮೀಟರಿನದಾದರೆ ಮಿಲಿಆಂಪಿನಿಂದ 4 ಕಳೆದು, 16ರಿಂದ ಭಾಗಿಸಿ, 5ರಿಂದ ಗುಣಿಸಿ. 12 ಮಿಲಿಆಂಪ್ ಅಂದರೆ 2.5 ಮೀಟರ್ ನೀರು.

ಸೊನ್ನೆಯಿಂದ ಯಾಕೆ ಶುರುವಾಗಲ್ಲ ಅಂತ ಕೇಳುತ್ತಾರೆ. ಬಾವಿ ಬತ್ತಿದಾಗಲೂ 4 ಬರುತ್ತದೆ. ಸೊನ್ನೆ ಬಂದರೆ ವೈರ್ ಕಡಿದಿದೆ ಅಂತ ಗೊತ್ತಾಗುತ್ತದೆ. ಈ ವ್ಯತ್ಯಾಸ ಗೊತ್ತಾಗದಿದ್ದರೆ ಇಲಿ ವೈರ್ ಕಡಿದ ದಿನ ನಿಮ್ಮ ಕೋಡ್ ಬಾವಿ ಬತ್ತಿದೆ ಅಂತ ತಪ್ಪು ತಿಳಿಯುತ್ತದೆ. 3.6ಕ್ಕಿಂತ ಕೆಳಗೆ ಅಥವಾ 21ಕ್ಕಿಂತ ಮೇಲೆ ಹೋದರೆ ದೋಷ ಅಂತ ಕೋಡಿನಲ್ಲಿ ಬರೆಯಿರಿ.

ಎರಡು ಸಂಗತಿ ಮರೆಯಬಾರದು. 12 ವೋಲ್ಟ್ ಬ್ಯಾಟರಿಯೊಂದರಿಂದಲೇ ಇದನ್ನು ನಡೆಸಿದರೆ ರೆಸಿಸ್ಟರೇ 2.4 ವೋಲ್ಟ್ ತಿನ್ನುತ್ತದೆ, ಸೆನ್ಸರಿಗೆ ಉಳಿಯುವುದು ಸಾಲದೆ ಹೋಗಬಹುದು. ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರಿನಿಂದ 24 ಮಾಡಿಕೊಳ್ಳಿ. ಇನ್ನೊಂದು, ನೀರು ನುಗ್ಗಿ ಸೆನ್ಸರ್ ಶಾರ್ಟ್ ಆದರೆ ಪೂರ್ತಿ 24 ವೋಲ್ಟ್ ಆ 120 ಓಮಿನ ಮೇಲೆ ಬೀಳುತ್ತದೆ. ಅದು 4.8 ವ್ಯಾಟ್, ರೆಸಿಸ್ಟರ್ ಸುಟ್ಟೀತು, ಪಿನ್ನಿಗೂ 24 ಹೋದೀತು. ಆದ್ದರಿಂದ 24 ವೋಲ್ಟ್ ದಾರಿಯಲ್ಲಿ 50 ಮಿಲಿಆಂಪಿನ ಸಣ್ಣ ಫ್ಯೂಸ್, ರೆಸಿಸ್ಟರಿಗೂ ಪಿನ್ನಿಗೂ ನಡುವೆ 10 ಕಿಲೋ ಓಮ್, ಪಿನ್ನಿನಲ್ಲಿ ಮೇಲೆ ಹೇಳಿದ ಶಾಟ್ಕಿ ಡಯೋಡ್ ಹಾಕಿ.

## ಹೊಲದಲ್ಲಿ, ಪಂಪ್‌ಹೌಸಿನಲ್ಲಿ

ಬೋರ್ಡಿನ ಪವರ್ ತೆಗೆದರೂ ಎಲ್ಇಡಿ ಮಂಕಾಗಿ ಉರೀತಾ ಇರುತ್ತೆ. ಹೇಗೆ?

ಸೆನ್ಸರಿನಿಂದ ಪವರ್ ಬರುತ್ತಿದೆ. ಬೋರ್ಡ್ ಆಫ್, ಸೆನ್ಸರ್ ಆನ್. ಸಿಗ್ನಲ್ ವೈರಿನ ವೋಲ್ಟೇಜ್ ಪಿನ್ನಿನ ಮೂಲಕ ಒಳಗಿಳಿದು ಚಿಪ್ಪನ್ನು ಅರೆಬರೆ ಎಬ್ಬಿಸುತ್ತದೆ. ಪವರ್ ಆಫ್ ಮಾಡಿ ಆನ್ ಮಾಡಿದರೂ ಸರಿಯಾಗಿ ರೀಸೆಟ್ ಆಗದ ಬೋರ್ಡುಗಳ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಎರಡಕ್ಕೂ ಒಂದೇ ಸ್ವಿಚ್ಚಿನಿಂದ ಪವರ್ ಕೊಡಿ. ಆಗದಿದ್ದರೆ ಆಪ್ಟೋಕಪ್ಲರ್. ಅದರಲ್ಲಿ ಬೋರ್ಡ್ ಆಫ್ ಇದ್ದಾಗ ಸೆನ್ಸರಿನಿಂದ ಏನೂ ದಾಟುವುದಿಲ್ಲ.

ಟ್ಯಾಂಕ್ 200 ಮೀಟರ್ ದೂರ. ಮಳೆಗಾಲ ಬಂತು ಅಂದ್ರೆ ಬೋರ್ಡ್ ಸುಡುತ್ತೆ. ಏನು ಹಾಕಿದರೆ ಉಳಿಯುತ್ತೆ?

ಉದ್ದನೆಯ ವೈರ್ ಆಂಟೆನಾ ಇದ್ದ ಹಾಗೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ದೂರದಲ್ಲಿ ಬಿದ್ದರೂ ಆ ವೈರಿನಲ್ಲಿ ನೂರಾರು ವೋಲ್ಟ್ ಹುಟ್ಟುತ್ತದೆ. ವೈರ್ ಎರಡೆಳೆ ಹೊಸೆದದ್ದಿರಲಿ, ಮೋಟಾರ್ ಕೇಬಲ್ ಜೊತೆ ಒಂದೇ ಪೈಪಿನಲ್ಲಿ ಬೇಡ. 12 ವೋಲ್ಟ್ ಲೈನಿಗೆ ಬೋರ್ಡ್ ಕಡೆ ಫ್ಯೂಸ್ ಮತ್ತು ಎಸ್‌ಎಂಬಿಜೆ16ಎ ಟಿವಿಎಸ್ ಡಯೋಡ್ ಹಾಕಿ. ಅದು 16 ವೋಲ್ಟ್‌ವರೆಗೆ ಸುಮ್ಮನಿದ್ದು, ಏಟು ಬಂದಾಗ 26 ವೋಲ್ಟಿಗೆ ತಡೆದು ನಿಲ್ಲಿಸುತ್ತದೆ. ಅಷ್ಟನ್ನು ಬಕ್ ಕನ್ವರ್ಟರ್ ಸಹಿಸುತ್ತದೆ. ಸಿಗ್ನಲ್‌ಗೆ ಆಪ್ಟೋಕಪ್ಲರ್. ನೇರ ಬಿದ್ದ ಸಿಡಿಲನ್ನು ಇದ್ಯಾವುದೂ ತಡೆಯದು.

ಅಷ್ಟು ದೂರಕ್ಕೆ ವೈರೇ ಬೇಡ ಅನ್ನುವುದು ನನ್ನ ಸಲಹೆ. ಟ್ಯಾಂಕಿನ ಹತ್ತಿರ ಒಂದು ಬೋರ್ಡ್, ಸಣ್ಣ ಸೋಲಾರ್ ಪ್ಯಾನಲ್, ಒಂದು ಲೋರಾ ಮಾಡ್ಯೂಲ್ (ದೂರಕ್ಕೆ ರೇಡಿಯೋದಲ್ಲಿ ಡೇಟಾ ಕಳಿಸುವಂಥದ್ದು). ಭಾರತದಲ್ಲಿ 865-867 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ, ಮಾಡ್ಯೂಲ್ ಕೊಳ್ಳುವಾಗ ಈ ಅಂಕೆ ನೋಡಿ ಕೊಳ್ಳಿ. 433 ಅಥವಾ 915ರದ್ದು ತರಬೇಡಿ.

ಸ್ಟಾರ್ಟರ್ ಆಫ್ ಆದಾಗೆಲ್ಲ ಇಎಸ್‌ಪಿ32 ಹ್ಯಾಂಗ್ ಆಗುತ್ತೆ.

ಸ್ಟಾರ್ಟರಿನೊಳಗೆ ಮೋಟಾರನ್ನು ಆನ್-ಆಫ್ ಮಾಡುವ ಕಾಂಟ್ಯಾಕ್ಟರಿನ ಕಾಯಿಲ್ ಕರೆಂಟು ತಪ್ಪಿದ ಕ್ಷಣ ಒಂದು ದೊಡ್ಡ ವೋಲ್ಟೇಜ್ ಎಸೆಯುತ್ತದೆ. ಕಾಯಿಲ್ಲಿಗೆ ಸಮಾನಾಂತರವಾಗಿ 100 ಓಮ್ ಮತ್ತು 0.1 ಮೈಕ್ರೋಫ್ಯಾರಡ್ ಸರಣಿಯಲ್ಲಿ ಹಾಕಿ. ಕೆಪಾಸಿಟರ್ ಮೇಲೆ ಎಕ್ಸ್2 (ಎಸಿ ಲೈನಿಗೆಂದೇ ಮಾಡಿದ್ದು) ಅಂತ ಇರಲೇಬೇಕು, ಕಾಯಿಲ್ 415 ವೋಲ್ಟಿನದಾದರೆ ಅಷ್ಟಕ್ಕೆಂದೇ ಸಿಗುವ ಸಿದ್ಧ ಸರ್ಜ್ ಸಪ್ರೆಸರ್ ಕೊಳ್ಳಿ. ಎಸಿ ಕಾಯಿಲ್ಲಿಗೆ ಡಯೋಡ್ ಹಾಕಬೇಡಿ, ಶಾರ್ಟ್ ಆಗುತ್ತದೆ. ಡಯೋಡ್ ಡಿಸಿ ರಿಲೇಗೆ ಮಾತ್ರ. ಬೋರ್ಡಿನ ಡಬ್ಬಿಯನ್ನು ಸ್ಟಾರ್ಟರಿನಿಂದ ಒಂದು ಮೊಳ ದೂರವಾದರೂ ಇಡಿ, ಹ್ಯಾಂಗ್ ಆದರೆ ತಾನೇ ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಆನ್ ಮಾಡಿ.

ತ್ರೀ ಫೇಸ್ ಕರೆಂಟು ಬಂತಾ, ಮೂರೂ ಫೇಸ್ ಇದೆಯಾ ಅಂತ ಬೋರ್ಡಿಗೆ ಹೇಗೆ ಗೊತ್ತಾಗಬೇಕು? ರೆಸಿಸ್ಟರ್ ಹಾಕಿ 230 ಇಳಿಸಲಾ?

ಇಳಿಸಬೇಡಿ. ಲೆಕ್ಕ ಸರಿ ಬರುತ್ತದೆ, ಆದರೆ ಬೋರ್ಡಿನ ಗ್ರೌಂಡ್ ಕರೆಂಟಿನ ಲೈನಿಗೆ ಅಂಟಿಕೊಳ್ಳುತ್ತದೆ. ಆಗ ಯುಎಸ್‌ಬಿ ಮುಟ್ಟಿದರೂ ಜೀವಕ್ಕೆ ಅಪಾಯ. ಎಷ್ಟೋ ಪಂಪ್‌ಹೌಸುಗಳಿಗೆ ನ್ಯೂಟ್ರಲ್ ಬಂದಿರುವುದೇ ಇಲ್ಲ. ಅರ್ತನ್ನು ನ್ಯೂಟ್ರಲ್ ಮಾಡಿಕೊಳ್ಳುವುದಂತೂ ಬೇಡವೇ ಬೇಡ, ಆ ಅರ್ತಿಗೆ ಸೇರಿದ ಲೋಹದ ಡಬ್ಬಿ, ಪೈಪು ಎಲ್ಲ ಶಾಕ್ ಹೊಡೆಯಬಹುದು.

ಪ್ಯಾನಲ್ ಅಂಗಡಿಯಲ್ಲಿ ಸಿಗುವ ಫೇಸ್ ಫೇಲ್ಯೂರ್ ರಿಲೇ ತನ್ನಿ. ಮೂರು ಫೇಸ್ ಸರಿಯಿದ್ದರೆ ಅದರ ಕಾಂಟ್ಯಾಕ್ಟ್ ಸೇರುತ್ತದೆ. ಆ ಕಾಂಟ್ಯಾಕ್ಟಿನಲ್ಲಿ ಬೋರ್ಡಿನ 3.3 ವೋಲ್ಟ್ ಹರಿಸಬೇಡಿ. ಅಷ್ಟು ಸಣ್ಣ ಕರೆಂಟಿಗೆ ಕಾಂಟ್ಯಾಕ್ಟಿನ ಮೇಲಿನ ಕಿಲುಬು ಅಡ್ಡ ಬರುತ್ತದೆ. 12 ವೋಲ್ಟ್ ಹರಿಸಿ ಪಿಸಿ817ರ ಎಲ್ಇಡಿ ಉರಿಸಿ, 5 ಮಿಲಿಆಂಪಿಗೆ ಕಾಂಟ್ಯಾಕ್ಟ್ ಇನ್ನೂ ನೆಟ್ಟಗೆ ಕೆಲಸ ಮಾಡುತ್ತದೆ. ವಯರಿಂಗನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ, ಮೈನ್ ಸ್ವಿಚ್ ಇಳಿಸಿಯೇ ಮಾಡಿಸಿ.

ಇಲ್ಲೊಂದು ಸೂಕ್ಷ್ಮ ಇದೆ. ಮೋಟಾರ್ ಓಡುತ್ತಿರುವಾಗ ಒಂದು ಫೇಸ್ ಹೋದರೆ, ಮೋಟಾರೇ ಆ ಫೇಸಿನಲ್ಲಿ ವೋಲ್ಟೇಜ್ ಹುಟ್ಟಿಸುತ್ತದೆ. ಬರೀ ವೋಲ್ಟೇಜ್ ನೋಡುವ ಸಾಧನಕ್ಕೆ ಮೂರೂ ಫೇಸ್ ಇದ್ದ ಹಾಗೆಯೇ ಕಾಣುತ್ತದೆ, ಅಷ್ಟರಲ್ಲಿ ವೈಂಡಿಂಗ್ ಸುಡುತ್ತಿರುತ್ತದೆ. ಅದನ್ನು ಹಿಡಿಯಲು ಕರೆಂಟನ್ನೇ ಅಳೆಯಬೇಕು.

ವೈರ್ ಕಡಿಯದೆ ಸುತ್ತ ಕಚ್ಚಿ ಕೂರುವ ಎಸ್‌ಸಿಟಿ-013-000 ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಬಳಸಿ, ಒಂದೊಂದು ಫೇಸಿಗೆ ಒಂದೊಂದು. 100 ಆಂಪಿಗೆ 50 ಮಿಲಿಆಂಪ್ ಕೊಡುತ್ತದೆ, ಅಂದರೆ ಎರಡು ಸಾವಿರದಲ್ಲಿ ಒಂದು ಪಾಲು. 5 ಎಚ್‌ಪಿ ಮೋಟಾರ್ ಸುಮಾರು 7.5 ಆಂಪ್ ಎಳೆದರೆ ಹೊರಗೆ 3.75 ಮಿಲಿಆಂಪ್. ಅದಕ್ಕೆ 33 ಓಮ್ ರೆಸಿಸ್ಟರ್ ಹಾಕಿದರೆ ಅಲೆಯ ತುದಿ 0.175 ವೋಲ್ಟ್. ನೇರ ಸ್ಟಾರ್ಟರಿನಲ್ಲಿ ಶುರುವಾಗುವಾಗ ಆರು ಪಟ್ಟು ಕರೆಂಟು ಹರಿದರೂ ತುದಿ 1.05 ವೋಲ್ಟ್. ಈ ಅಲೆ ಸೊನ್ನೆಯ ಮೇಲೂ ಕೆಳಗೂ ಹೋಗುವುದರಿಂದ ಸಿಟಿಯ ಒಂದು ಕಾಲನ್ನು ಗ್ರೌಂಡಿನ ಬದಲು 1.25 ವೋಲ್ಟಿನ ಮೇಲೆ ಕೂರಿಸಿ. 3.3 ವೋಲ್ಟಿನಿಂದ ಎರಡು ರೆಸಿಸ್ಟರ್ ಮತ್ತು ಒಂದು ಕೆಪಾಸಿಟರಿನಲ್ಲಿ ಇದು ಸಿಗುತ್ತದೆ. ಆಗ ಪಿನ್ನಿಗೆ ಬರುವುದು 0.2ರಿಂದ 2.3 ವೋಲ್ಟಿನ ನಡುವೆ. ವೈರಿಗೆ ಸಿಟಿ ಕಚ್ಚಿಸುವ ಮೊದಲೇ 33 ಓಮ್ ಜೋಡಿಸಿರಬೇಕು. ರೆಸಿಸ್ಟರ್ ಇಲ್ಲದೆ ಮೋಟಾರ್ ಓಡಿಸಿದರೆ ಸಿಟಿಯ ತುದಿಗಳಲ್ಲಿ ವೋಲ್ಟೇಜ್ ವಿಪರೀತ ಏರುತ್ತದೆ.